ನೋಡಲು ಬಂದವರು

ಮೇ 12, ಸೋಮವಾರ

ಮಗಳು ರಮ್ಯಾ ಒಂದು ನುಣುಪು ಕಾಗದದ ಪುಸ್ತಕವನ್ನು ಊಟದ ತಟ್ಟೆಯ ಪಕ್ಕದಲ್ಲಿಟ್ಟು ಒಳಗೆ ಹೋದಳು. ಹಾರೋಹಳ್ಳಿಯಿಂದ ಸ್ವಲ್ಪ ಆಚೆ ಇರುವ ಖಾಸಗಿ ಯೂನಿವರ್ಸಿಟಿಯದು. ಅವಳಿಗೆ ಅಲ್ಲಿ ಬಯೋಟೆಕ್ನಾಲಜಿ ಬೇಕು, ನಾಲ್ಕು ವರ್ಷ. ಪುಸ್ತಕದ ತುಂಬ ಹುಲ್ಲಿನ ಮೇಲೆ ಕೂತು ನಗುವ ಹುಡುಗ ಹುಡುಗಿಯರು. ಯಾವುದಕ್ಕೆ ನಗುತ್ತಿದ್ದಾರೆಂದು ತಿಳಿಯುವ ಆಸೆಯಾಯಿತು. ಎಲ್ಲಿಯೂ ಬರೆದಿರಲಿಲ್ಲ.

ಜೂನ್ ಐದರೊಳಗೆ ಸೇರಿದರೆ ಫೀಸಿನಲ್ಲಿ ಮೂರರಲ್ಲಿ ಒಂದು ಪಾಲು ರಿಯಾಯಿತಿ. ಆಗ ನನ್ನ ಪಿ.ಎಫ್. ಹಣದಲ್ಲಿ ಹೇಗೋ ಮುಗಿಯುತ್ತದೆ. ತಪ್ಪಿದರೆ ಮಾಗಡಿಯಲ್ಲಿ ಅಮ್ಮ ನನ್ನ ಹೆಸರಿಗೆ ಬರೆದುಕೊಟ್ಟ ನಿವೇಶನ ಮಾರಬೇಕು. ಇಲ್ಲೇ ಕನಕಪುರದ ಸರ್ಕಾರಿ ಕಾಲೇಜಿನ ಬಿ.ಎಸ್ಸಿ.ಗೆ ಖರ್ಚೆಂಬುದೇ ಇಲ್ಲ.

ಅನಂತರಾಜು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನನ್ನ ಕಡೆಗೆ ತಳ್ಳಿದರು. (ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ಬರೆಯಲು ಅಡ್ಡಿಯಿಲ್ಲ ಅನಿಸುತ್ತದೆ.)

“ನಂಗೇನ್ ಗೊತ್ತಾಯ್ತದೆ ಶಿವಿ. ಕಣ್ಣಿಟ್ಟು ನೋಡಿ ಒಳ್ಳೇದು ಕೆಟ್ಟದ್ದು ಹೇಳದು ನಿನ್ ಕಸುಬು. ನೀನೇ ನೋಡ್ಕಂಡ್ ಬಾ.”

ಕಸುಬು ಎಂದರೆ, ರೇಷ್ಮೆ ಬಿತ್ತನೆ ಕೋಠಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದೇನೆ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಆ ನೀರಿನ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ನೋಡುವುದು. ತಾಯಿಯಿಂದ ಮೊಟ್ಟೆಗೆ ಇಳಿಯುವ ಗಂಟು ರೋಗದ ಕಾಳು ಕಂಡರೆ ಆ ತಾಯಿಯ ಮೊಟ್ಟೆಗಳನ್ನೆಲ್ಲ ಸುಡಬೇಕು. ಕಾಣದಿದ್ದರೆ ರೈತರಿಗೆ ಕೊಡಬೇಕು. ರಿಜಿಸ್ಟರಿನಲ್ಲಿ ಎರಡೇ ಕಾಲಂ. ಮೂರನೆಯದು ಬೇಕೆಂದು ಯಾವತ್ತೂ ಅನಿಸಿಲ್ಲ.

ಈ ನೋಟುಪುಸ್ತಕದಲ್ಲೂ ಎರಡು ಕಾಲಂ ಗೀರಿದ್ದೇನೆ, ಎಡಗಡೆ ಒಳ್ಳೆಯದಕ್ಕೆ, ಬಲಗಡೆ ಕೆಟ್ಟದ್ದಕ್ಕೆ. ಜೂನ್ ಐದಕ್ಕೆ ಇನ್ನೂ ಮೂರು ವಾರವಿದೆ.

ಮೇ 18, ಭಾನುವಾರ

ನಾನು, ರಮ್ಯಾ ಹೋಗಿ ಬಂದೆವು. ಗೇಟಿನಲ್ಲಿ ಸೆಕ್ಯೂರಿಟಿಯವನು, “ನೋಡಕ್ ಬಂದೋರಾ? ಬನ್ನಿ ಮೇಡಂ” ಎಂದ. ಮೇಡಂ ಎಂದಾಗ ಹಿಂದೆ ಯಾರಾದರೂ ಇದ್ದಾರಾ ಎಂದು ತಿರುಗಿ ನೋಡಿದೆ. ತಣ್ಣನೆಯ ಕೋಣೆಯಲ್ಲಿ ಕೂರಿಸಿ ಜ್ಯೂಸ್ ಕೊಟ್ಟರು. ಕೋಟು ಹಾಕಿದ ಹುಡುಗ ಒಂದೇ ಉಸಿರಿನಲ್ಲಿ ಬಹಳ ಹೇಳಿದ. ಅವನು ಹೇಳುವಾಗ ರಮ್ಯಾಳ ತುಟಿಯೂ ಸಣ್ಣಗೆ ಅಲ್ಲಾಡುತ್ತಿತ್ತು. ಅವಳಿಗೆ ಅದೆಲ್ಲ ಆಗಲೇ ಬಾಯಿಪಾಠ.

ನಾನು ಲ್ಯಾಬ್ ನೋಡಬೇಕೆಂದೆ. ಹನ್ನೆರಡು ಸೂಕ್ಷ್ಮದರ್ಶಕಗಳು. ಜನ ಅವುಗಳ ಬೆಲೆ ಕೇಳುತ್ತಾರೆ, ನಾನು ತಿರುಪು ನೋಡುತ್ತೇನೆ. ನೋಟ ಸ್ಪಷ್ಟ ಮಾಡುವ ಸಣ್ಣ ತಿರುಪಿನ ಗೆರೆಗಳು ಬೆರಳು ತಾಗಿ ತಾಗಿ ಸವೆದಿದ್ದರೆ ಅಲ್ಲಿ ಯಾರೋ ನೋಡಿದ್ದಾರೆ ಎಂದರ್ಥ. ಹನ್ನೊಂದರಲ್ಲಿ ಗೆರೆಗಳು ಹೊಸದಾಗಿಯೇ ಇದ್ದವು. ಕಿಟಕಿಯ ಪಕ್ಕದ ಒಂದು ಮಾತ್ರ ನುಣ್ಣಗಾಗಿತ್ತು. ಬಾಯಿಬಿಟ್ಟು ಹಾಗೇ ಹೇಳಿದೆ.

“ಅದು ನಂದು ಆಂಟಿ,” ಎಂದಳು ಅಲ್ಲಿದ್ದ ಹುಡುಗಿ. ಹೆಸರು ಶಬ್ನಮ್, ರಾಮನಗರದವಳು, ಲ್ಯಾಬಿನಲ್ಲಿ ಪಾಠ ಹೇಳಿಕೊಡುತ್ತಾಳಂತೆ. “ತಿರುಪು ಸವೆದಿದ್ದು ನೋಡಿ ಹೇಳಿದೋರು ನೀವೇ ಮೊದಲು. ಎಲ್ರೂ ಎ.ಸಿ. ಐತಾ ಅಂತ ಕೇಳ್ತಾರೆ.”

ಬಲಗಡೆ ಕಾಲಂನಲ್ಲಿ ಹನ್ನೊಂದು, ಎಡಗಡೆ ಒಂದು ಎಂದು ಬರೆಯಬೇಕು. ಬರೆಯಲು ಹೋಗಿ ಬಿಟ್ಟೆ. ಆ ಒಂದು ಯಾಕೆ ಅಷ್ಟು ಸವೆಯಿತು ಎಂಬುದು ಮೊದಲು ತಿಳಿಯಬೇಕು.

ಮೇ 24, ಶನಿವಾರ

ಅನಂತರಾಜು ತಾವು ಕೆಲಸ ಮಾಡುವ ಮಾತ್ರೆ ಕಾರ್ಖಾನೆಯ ಹುಡುಗನೊಬ್ಬನನ್ನು ಮನೆಗೆ ಕರೆತಂದಿದ್ದರು. ವಾಸಿಂ, ಚನ್ನಪಟ್ಟಣದವನು. ಅದೇ ಯೂನಿವರ್ಸಿಟಿಯಲ್ಲಿ ನಾಲ್ಕು ವರ್ಷ ಓದಿ ಈಗ ಇವರ ಕೈಕೆಳಗೆ ಮಾತ್ರೆಯ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಾನೆ.

ನಮ್ಮ ಕಸುಬಿನಲ್ಲಾದರೆ ಇಲ್ಲಿಗೇ ಮುಗಿಯಿತು. ಒಂದು ಕಾಳು ಕಂಡರೆ ಸಾಕು, ಎರಡನೆಯದನ್ನು ಹುಡುಕುವುದಿಲ್ಲ. ಸುಡಲು ಕಳಿಸುತ್ತೇವೆ. ನಾನು ಚಹಾ ಕೊಡುವಾಗಲೇ ಮನಸ್ಸಿನಲ್ಲಿ ಗುರುತು ಹಾಕಿಯಾಗಿತ್ತು.

“ಅಲ್ಲೇನ್ ಓದಿದ್ಯೋ ಅದಕ್ಕೂ ಈ ಚೀಟಿ ಅಂಟ್ಸದಕ್ಕೂ ಏನಪ್ಪಾ ಸಂಬಂಧ?” ಎಂದರು ಇವರು, ನನಗೆ ಕೇಳಿಸಲೆಂದು.

“ಏನೂ ಇಲ್ಲ ಸಾರ್.”

“ಅಂಗಾರೆ ದಂಡ ಅನ್ನು.”

“ದಂಡ ಅಂತ ಎಂಗ್ ಹೇಳದು ಸಾರ್.” ಅವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಾಗೇ ಹಿಡಿದುಕೊಂಡ. “ನಮ್ಮಪ್ಪ ಮೂವತ್ತು ವರ್ಷದಿಂದ ಬುಗುರಿ ಮಾಡ್ತಾವ್ರೆ. ತಿರುಗ್ತಾ ಇರೋಗಂಟ ಬುಗುರಿ ಯಾಕ್ ಬೀಳಲ್ಲ ಅಂತ ನಂಗ್ ಗೊತ್ತಾಗಿದ್ದು ಅಲ್ಲೇಯ. ಅವತ್ತೇ ಬಸ್ ಹತ್ಕಂಡ್ ಮನೇಗ್ ಬಂದು ಅಪ್ಪಂಗೆ ಹೇಳ್ದೆ.”

“ಏನಂದ್ರು?” ಎಂದೆ ನಾನು.

“‘ಅಂಗಾ’ ಅಂದ್ರು. ಅಂದ್ಬುಟ್ಟು ಇನ್ನೊಂದು ಮಾಡಕ್ ಕುಂತ್ರು.”

ಇವರು ಜೋರಾಗಿ ನಕ್ಕರು. ವಾಸಿಂನೂ ನಕ್ಕ. ಬಿಸ್ಕತ್ತು ಕರಗಿ ಲೋಟದೊಳಗೆ ಬಿತ್ತು. ನಾನು ಬುಗುರಿ ಯಾಕೆ ಬೀಳುವುದಿಲ್ಲವೆಂದು ಕೇಳಿದೆ. ಅವನು ಲೋಟ ಕೆಳಗಿಟ್ಟು ಅರ್ಧ ಗಂಟೆ ಹೇಳಿದ, ನಮ್ಮ ಮಸಾಲೆ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ತಿರುಗಿಸಿ ತೋರಿಸಿದ. ಸುಮಾರಾಗಿ ಅರ್ಥವಾಯಿತು.

ಅವನು ಹೋದ ಮೇಲೆ ಇವರು, “ನೋಡ್ದಾ? ನಾಕ್ ವರ್ಷ ಓದ್ಕಂಡು ಮುಚ್ಚಳ ತಿರುಗುಸ್ತಾನೆ” ಎಂದರು.

ಯಾವ ಕಾಲಂನಲ್ಲೂ ಬರೆದಿಲ್ಲ.

ಮೇ 28, ಬುಧವಾರ

ಅರ್ಧ ದಿನ ರಜೆ ಹಾಕಿ ಮತ್ತೆ ಹೋದೆವು. ರಮ್ಯಾ ಹಾಸ್ಟೆಲು ನೋಡಲು ಹೋದಳು, ನಾನು ಲ್ಯಾಬಿಗೆ.

ಶಬ್ನಮ್ ಗಂಟು ರೋಗದ್ದೆಂದು ಒಂದು ಸ್ಲೈಡ್ ತೋರಿಸಿದಳು. ನೋಡಿದೆ. ಅದಲ್ಲ. ಯಾವುದೋ ಹೂವಿನ ಪರಾಗ ಇರಬೇಕು. ಗಂಟು ರೋಗದ ಕಾಳು ಇದಕ್ಕಿಂತ ಬಹಳ ಸಣ್ಣದು, ಅಂಚು ಬೆಳಗುತ್ತದೆ, ನೀರಿನಲ್ಲಿ ಸಣ್ಣಗೆ ನಡುಗುತ್ತದೆ. ಹೇಳಲೋ ಬೇಡವೋ ಎಂದು ಯೋಚಿಸಿ ಹೇಳಿದೆ. ಅವಳ ಮುಖ ಕೆಡುತ್ತದೆಂದುಕೊಂಡಿದ್ದೆ. ಅವಳು ನನ್ನನ್ನು ಸರಿಸಿ ತಾನು ನೋಡಿದಳು, ಪುಸ್ತಕ ತೆಗೆದಳು, ಮತ್ತೆ ನೋಡಿದಳು.

“ಹೌದು ಆಂಟಿ. ಎರಡು ವರ್ಷದಿಂದ ಇದನ್ನೇ ತೋರಿಸ್ತಾ ಇದ್ದೀನಿ.”

ಆಮೇಲೆ ಮಾತಾಡುತ್ತಾ ಕೂತೆವು. ಅವಳ ಮನೆಯಲ್ಲಿ ನೂಲು ಬಿಚ್ಚುವ ಕೆಲಸ. ಗೂಡನ್ನು ಕುದಿಸುವುದು, ನೂಲು ತೆಗೆಯುವುದು, ಒಳಗಿನ ಹುಳುವನ್ನು ಎಸೆಯುವುದು. “ನಮ್ಮನೇಲಿ ಹುಳ ಸಾಯೋದನ್ನೇ ನೋಡಿರೋದು. ಅದು ಚಿಟ್ಟೆ ಆಗೋದನ್ನ ನಾನು ನೋಡೇ ಇಲ್ಲ” ಎಂದಳು. ನಾನು ಚಿಟ್ಟೆಯನ್ನು ಬಿಟ್ಟು ಬೇರೇನನ್ನೂ ನೋಡಿದವಳಲ್ಲ. ನೂಲು ಬಿಚ್ಚುವ ಮನೆಯ ಒಳಗೆ ಒಂದು ಸಲವೂ ಹೋಗಿಲ್ಲ. ಇಬ್ಬರಿಗೂ ಒಂದೇ ಹುಳುವಿನ ಅರ್ಧರ್ಧ ಗೊತ್ತು.

ಅವಳು ಇನ್ನೊಂದು ವಿಷಯ ಹೇಳಿದಳು. ಆ ರೋಗದ ಕಾಳಿನ ಒಳಗೆ ಒಂದು ದಾರ ಸುತ್ತಿಕೊಂಡಿರುತ್ತದಂತೆ. ಕಾಳಿಗಿಂತ ಎಷ್ಟೋ ಪಾಲು ಉದ್ದ. ಹುಳುವಿನ ಹೊಟ್ಟೆ ಸೇರಿದ ಕೂಡಲೇ ಅದು ಚಿಮ್ಮಿ ಹೊರಗೆ ಬಂದು ಚುಚ್ಚುತ್ತದೆ; ರೋಗ ಆ ದಾರದ ಒಳಗಿನಿಂದಲೇ ಹರಿದು ಹೋಗುತ್ತದೆ.

ಇಪ್ಪತ್ತೆರಡು ವರ್ಷ ‘ಇದೆ’, ‘ಇಲ್ಲ’ ಎಂದು ಬರೆದಿದ್ದೇನೆ. ಒಳಗೆ ಏನಿದೆ ಎಂದು ಯಾರೂ ಕೇಳಿರಲಿಲ್ಲ.

“ನೋಡಬಹುದಾ?”

“ತಾಜಾ ಬೇಕು ಆಂಟಿ. ನಂಗೆಲ್ಲಿ ಸಿಗ್ತದೆ?” ಎಂದಳು ಶಬ್ನಮ್. ನಾನು ಅವಳ ಫೋನ್ ನಂಬರು ಬರೆದುಕೊಂಡೆ.

ಬಸ್ಸಿನಲ್ಲಿ ರಮ್ಯಾ ಕೋಣೆಗಳ ಬಗ್ಗೆ ಹೇಳಿದಳು. ಕಿಟಕಿಯಿಂದ ಬೆಟ್ಟ ಕಾಣುತ್ತದೆ ಎಂದಳು, ಅಥವಾ ಕೆರೆ.

ಮೇ 30, ಶುಕ್ರವಾರ

ನ್ಯಾಯವಾಗಿ ಎರಡೂ ಕಡೆ ನೋಡಬೇಕು. ಕನಕಪುರದ ಸರ್ಕಾರಿ ಕಾಲೇಜಿಗೆ ಹೋದೆವು. ಪ್ರಾಣಿಶಾಸ್ತ್ರದ ದೊಡ್ಡಹನುಮಯ್ಯ ಮೇಷ್ಟ್ರು ಬೀಗ ತೆಗೆಸಿ ಎಲ್ಲ ತೋರಿಸಿದರು. ಸೂಕ್ಷ್ಮದರ್ಶಕ ನಾಲ್ಕು, ಎರಡು ಕೆಟ್ಟಿವೆ.

“ಸುಳ್ಳು ಯಾಕ್ ಹೇಳ್ಲಿ ತಾಯಿ, ಓದೋ ಮಕ್ಳು ಇಲ್ಲೂ ಓದ್ತವೆ. ಓದ್ದೆ ಇರವು ಅಲ್ಲೂ ಓದಲ್ಲ. ಎಲ್ಡು ಕಡೇನೂ ಒಂದೇ ಸಿಲಬಸ್ಸು, ಅಲ್ಲಿ ಹುಲ್ಲು ಒಸಿ ಜಾಸ್ತಿ.”

ಒಳ್ಳೆಯ ಮನುಷ್ಯ. ಹನ್ನೆರಡು ನಿಮಿಷದಲ್ಲಿ ಹೊರಗೆ ಬಂದೆವು. ಕೇಳಲು ನನಗೆ ಪ್ರಶ್ನೆ ಹೊಳೆಯಲಿಲ್ಲ. ರಮ್ಯಾ, “ನಂಗ್ ಇಲ್ಲಾದ್ರೂ ಪರ್ವಾಗಿಲ್ಲ ಅಮ್ಮಾ. ಯಾವ್ದಾದ್ರೂ ಒಂದು ಹೇಳ್ಬುಡು” ಎಂದಳು. ಅವಳ ದನಿ ಹಾಗೆ ಕೇಳಿಸಲಿಲ್ಲ. ಇನ್ನೂ ಆರು ದಿನ ಇದೆಯಲ್ಲ ಎಂದೆ.

ಮೇ 31, ಶನಿವಾರ

ಒಬ್ಬಳೇ ಹೋಗಿ ಬಂದೆ. ಮನೆಯಲ್ಲಿ ಓವರ್‌ಟೈಮ್ ಎಂದು ಹೇಳಿದ್ದೆ. ಶಬ್ನಮ್ ಚಿತ್ರ ಬರೆದು ತೋರಿಸಿದಳು, ಹಿಂದಿನ ಪುಟದಲ್ಲಿ ಅದನ್ನೇ ನೋಡಿ ಬರೆದಿದ್ದೇನೆ. ದಾರ ಹನ್ನೆರಡು ಸುತ್ತು. ನನಗೆ ಎಂಟು ಸುತ್ತಿಗೇ ಜಾಗ ಸಾಲದಾಯಿತು.

ಜೂನ್ 2, ಸೋಮವಾರ

ಕೋಠಿಯಲ್ಲಿ ಇವತ್ತು ನೋಡಿದ ತಾಯಿ ಚಿಟ್ಟೆಗಳೆಲ್ಲ ಒಳ್ಳೆಯವೇ. ರೋಗದ್ದು ಒಂದಾದರೂ ಇರಲಿಲ್ಲ.

ಜೂನ್ 3, ಮಂಗಳವಾರ

ಇವತ್ತೂ ಇಲ್ಲ. ಎಂದೂ ಇಷ್ಟು ಒಳ್ಳೆಯ ಗೂಡು ಬಂದಿರಲಿಲ್ಲ ಎಂದು ಮ್ಯಾನೇಜರ್ ಸ್ವೀಟು ಹಂಚಿದರು. ನನಗೆ ತಿನ್ನಬೇಕೆನಿಸಲಿಲ್ಲ.

ಊಟದ ಹೊತ್ತಿಗೆ ಅನಂತರಾಜು, “ಗುರುವಾರ ಕಡೇ ದಿನ. ಏನ್ ಮಾಡ್ದೆ?” ಎಂದರು.

“ಇನ್ನೊಂದ್ಸಲ ನೋಡ್ಬೇಕು.”

“ಮೂರ್ ಸಲ ನೋಡಿದ್ಯಲ್ಲ. ಹೆಣ್ ನೋಡಕ್ಕೂ ಒಂದೇ ಸಲ ಬಂದಿದ್ದೆ ಕಣೆ ನಾನು.”

ರಮ್ಯಾ ನಗಲಿಲ್ಲ. “ಎರಡೇ ಸಲ ಅಪ್ಪಾ ಹೋಗಿದ್ದು” ಎಂದು ನನ್ನ ಮುಖ ನೋಡಿದಳು. ಮೂರನೆಯದು ಇವರಿಗೆ ಹೇಗೆ ಗೊತ್ತಾಯಿತೋ. ವಾಸಿಂ ಬಸ್ಸಿನಲ್ಲಿ ಕಂಡಿರಬಹುದು.

ಆತುರದಲ್ಲಿ ಹೇಳಿಬಿಡುವ ವಿಷಯವಲ್ಲ ಎಂದೆ. ಅದು ನಿಜ.

ಜೂನ್ 5, ಗುರುವಾರ

ಇಲ್ಲ.

ಜೂನ್ 6, ಶುಕ್ರವಾರ

ಸಿಕ್ಕಿತು. ಮಧ್ಯಾಹ್ನ ಮೂರು ಗಂಟೆಗೆ, ಕೋಡಿಹಳ್ಳಿ ಕಡೆಯಿಂದ ಬಂದ ಗೂಡಿನದು. ಹನಿಯ ತುಂಬ ಮಿನುಗುತ್ತಿದ್ದವು. ಪಕ್ಕದಲ್ಲಿ ಕೂರುವ ಮುನವ್ವರಾ, “ಏನಕ್ಕಾ, ಲಾಟರಿ ಹೊಡೀತಾ?” ಎಂದಳು. ನಗುತ್ತಿದ್ದೆನೇನೋ.

ಮೊಟ್ಟೆಗಳನ್ನು ಸುಡಲು ಕಳಿಸಿ ರಿಜಿಸ್ಟರಿನಲ್ಲಿ ಬರೆದೆ. ಅರೆದದ್ದರಲ್ಲಿ ಸ್ವಲ್ಪವನ್ನು ಸಣ್ಣ ಸೀಸೆಯಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ, ಮೂರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಟಿಫನ್ ಚೀಲದಲ್ಲಿಟ್ಟುಕೊಂಡು ಬಂದೆ. ಕೋಠಿಯಿಂದ ರೋಗದ ಒಂದು ಹನಿಯೂ ಹೊರಗೆ ಹೋಗಬಾರದು. ಹೊಸಬರಿಗೆ ಮೊದಲ ದಿನ ಈ ಮಾತು ಹೇಳಿಕೊಡುವವಳು ನಾನೇ.

ನಾಳೆ ಬಕ್ರೀದ್. ಶಬ್ನಮ್ ಸೋಮವಾರ ಬರಲು ಹೇಳಿದಳು.

ಜೂನ್ 9, ಸೋಮವಾರ

ರಮ್ಯಾಳೂ ಬಂದಳು. ಹನ್ನೊಂದು ಗಂಟೆಗೆ ಅವಳನ್ನು ಆಫೀಸಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂರಿಸಿ, ಹತ್ತು ನಿಮಿಷ ಎಂದು ಹೇಳಿ ಲ್ಯಾಬಿಗೆ ಹೋದೆ.

ಶಬ್ನಮ್ ಯಾವುದೋ ದ್ರಾವಣ ಹಾಕಿ ಕಾಯಿಸಿದಳು. ಮೊದಲ ಸಲ ಏನೂ ಆಗಲಿಲ್ಲ, ಎರಡನೆಯ ಸಲವೂ ಆಗಲಿಲ್ಲ. ಚಿಟ್ಟೆ ಅರೆಯಲು ನಮ್ಮಲ್ಲಿ ಬಳಸುವ ಕ್ಷಾರದ ನೀರಿನ ಹದ ಹೇಳಿದೆ. ಅಷ್ಟು ಹಾಕಿ ನೋಡಿದಳು. ಮೂರನೆಯ ಸಲ ನಾನೇ ಕಣ್ಣಿಟ್ಟಿದ್ದೆ.

ಕಾಳುಗಳು ಎಂದಿನಂತೆ ನಡುಗುತ್ತಿದ್ದವು. ಇವುಗಳನ್ನು ನಾನು ನನ್ನ ಮಗಳಿಗಿಂತ ಹೆಚ್ಚು ದಿನ ನೋಡಿದ್ದೇನೆ. ಒಂದು ನಿಂತಿತು. ಅದರ ತುದಿಯಿಂದ ಏನೋ ಹೊರಟಿತು. ಹೊರಟಿತು ಎಂದು ಬರೆಯುವಷ್ಟು ಹೊತ್ತೂ ಅದಕ್ಕೆ ಹಿಡಿಯಲಿಲ್ಲ. ಇರಲಿಲ್ಲ, ಆಮೇಲೆ ಇತ್ತು. ಕೂದಲಿಗಿಂತ ಎಷ್ಟೋ ಸಣ್ಣ ಗೆರೆ, ನೆಟ್ಟಗೆ, ನಾನು ನೋಡುತ್ತಿದ್ದ ವೃತ್ತದ ಅಂಚಿನವರೆಗೂ. ಕಾಳಿನ ಹೊಳಪು ಹೋಗಿತ್ತು. ಇಷ್ಟು ವರ್ಷ ಕೆಲವು ಕಾಳು ಮಂಕಾಗಿ ಕಾಣುತ್ತಿದ್ದವು, ಅವು ಏನೂ ಅಲ್ಲವೆಂದು ಬಿಡುತ್ತಿದ್ದೆ. ಅವು ದಾರ ಬಿಟ್ಟು ಮುಗಿಸಿದವು ಎಂದು ಈಗ ತಿಳಿಯಿತು.

“ಬಂತಾ ಆಂಟಿ? ಬಂತಾ?”

ತಲೆ ಎತ್ತಲು ಆಗಲಿಲ್ಲ. ಅವಳು ನನ್ನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಳು. ಆಮೇಲೆ ಅವಳು ನೋಡಿದಳು, ಆಮೇಲೆ ನಾನು, ಹೀಗೆಯೇ. ಕೊನೆಗೆ ಸೀಸೆ, ಗಾಜು ಎಲ್ಲವನ್ನೂ ಕುದಿಸಿ, ಕವರುಗಳನ್ನು ಸುಟ್ಟು ಬೂದಿ ಮಾಡಿದೆವು. ಅದನ್ನು ನಾನು ನಿಂತು ಮಾಡಿಸಿದೆ.

ಹೊರಗೆ ಬಂದಾಗ ರಮ್ಯಾ ಬೆಂಚಿನ ಮೇಲೆ ಇರಲಿಲ್ಲ. ಆಫೀಸಿನ ಕೌಂಟರಿಗೆ ಹೋಗಿ ಕೇಳಿ ಬಂದಿದ್ದಳು. ಗುರುವಾರಕ್ಕೇ ರಿಯಾಯಿತಿ ಮುಗಿದಿದೆ. ಸೀಟು ಇದೆ, ಪೂರ್ತಿ ಫೀಸು. ಗಂಟೆ ಎರಡೂವರೆ ಆಗಿತ್ತು. ಹಾರೋಹಳ್ಳಿಯಿಂದ ಕನಕಪುರದವರೆಗೆ ಅವಳು ಕಿಟಕಿಯ ಕಡೆ ತಿರುಗಿಯೇ ಇದ್ದಳು. ದಾರದ ಬಗ್ಗೆ ಹೇಳಬೇಕೆಂದಿದ್ದೆ, ಟಿಕೆಟ್ ತೆಗೆಯುವುದರಲ್ಲಿ ಮರೆಯಿತು.

ಜೂನ್ 10, ಮಂಗಳವಾರ

“ಮೂರರಲ್ಲಿ ಒಂದ್ ಪಾಲು ಓಯ್ತಲ್ಲ ಶಿವಿ,” ಎಂದರು ಅನಂತರಾಜು. ಬೈದರೆನ್ನುವಂತಿಲ್ಲ. “ಒಳ್ಳೇದಿಲ್ಲ ಅನ್ನು, ಬುಟ್ಬುಡವ. ಚೆನ್ನಾಗೈತೆ ಅನ್ನು, ಸೇರ್ಸವ. ಎಲ್ಡೂ ಅನ್ನಾಕಿಲ್ಲ. ನಿಂಗೇನಾಗೈತೆ?”

ರಮ್ಯಾ ಈ ಪುಸ್ತಕವನ್ನು ಕೈಯಲ್ಲಿ ಹಿಡಿದು ಬಂದಳು. ಅಲಮಾರಿಯ ಮೇಲಿಟ್ಟಿದ್ದೆ, ಬೀಗವೇನೂ ಹಾಕಿರಲಿಲ್ಲ. ನನ್ನ ಮುಂದೆ ಪುಟ ತಿರುಗಿಸಿದಳು.

“ನಾಕ್ ಸಲ ಹೋದೆ ಅಮ್ಮಾ. ಪಾಠ ಎಂಗ್ ಮಾಡ್ತಾರೆ, ಎಷ್ಟ್ ಜನಕ್ಕೆ ಕೆಲ್ಸ ಸಿಕ್ಕೈತೆ, ಒಂದಾದ್ರೂ ಕೇಳಿದ್ಯಾ? ಇದ್ರಲ್ಲಿ ಬರೀ ಹುಳದ ಕಾಯ್ಲೆ ಬರ್ದಿದ್ದೀಯ. ನನ್ ಬಗ್ಗೆ ಏನೈತೆ? ಬೆಟ್ಟ ಅಥ್ವಾ ಕೆರೆ.”

“ಯಾವ್ದು?” ಎಂದೆ.

“ಏನು?”

“ಕಿಟಕಿಯಿಂದ ಕಾಣದು.”

ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಬಾಗಿಲು ಬಡಿಯಲಿಲ್ಲ, ಮೆಲ್ಲಗೆ ಹಾಕಿದಳು.

ಪುಟಗಳನ್ನು ತಿರುಗಿಸಿ ನೋಡಿದೆ. ಅವಳು ಹೇಳಿದ್ದು ಸರಿ. ಕಾಲಂ ಗೀರಿದ್ದು ಮೊದಲ ಎರಡು ಪುಟಕ್ಕೆ ಮಾತ್ರ.

ಸಂಜೆ ಅವಳ ಬಾಗಿಲ ಹತ್ತಿರ ಹೋಗಿ, ಮಾಗಡಿಯ ನಿವೇಶನ ಮಾರುತ್ತೇನೆ, ನೀನು ಅಲ್ಲೇ ಸೇರು ಎಂದೆ. ಆ ಕಾಲೇಜು ಅಷ್ಟು ಬೆಲೆ ಬಾಳುತ್ತದೆಯೇ ಎಂದು ಒಳಗಿನಿಂದಲೇ ಕೇಳಿದಳು. ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂದು ನಾನು ಹೇಳಿದ್ದನ್ನು ಅವಳು ಮೊದಲ ಸಲ ಕೇಳಿದ್ದಿರಬೇಕು, ಬಾಗಿಲು ತೆಗೆದಳು.

“ಬೆಟ್ಟ,” ಎಂದಳು.

ಜೂನ್ 23, ಸೋಮವಾರ

ಮಾಗಡಿಯಲ್ಲಿ ರಿಜಿಸ್ಟರ್ ಆಯಿತು. ಕೊಂಡವರು ಒಳ್ಳೆಯವರು. ನಿವೇಶನದಲ್ಲಿ ಹುತ್ತ ಇದೆಯಲ್ಲ, ತೊಂದರೆಯಿಲ್ಲವಾ ಎಂದು ಕೇಳಿದರು. ಅಲ್ಲಿ ಹುತ್ತ ಇದ್ದದ್ದು ನನಗೆ ಗೊತ್ತಿರಲಿಲ್ಲ. ಹೋಗಿ ನೋಡಿ ಸುಮಾರು ಹೊತ್ತು ನಿಂತಿದ್ದೆ. ಗೆದ್ದಲು ಇನ್ನೂ ಕೆಲಸ ಮಾಡುತ್ತಿದ್ದವು.

ನಾಳೆ ಫೀಸು ಕಟ್ಟುವುದು.

ಜುಲೈ 28, ಸೋಮವಾರ

ರಮ್ಯಾಳ ತರಗತಿ ಶುರುವಾಯಿತು. ಹಾಸ್ಟೆಲಿಗೆ ಸಾಮಾನು ಇಡಲು ಮೂವರೂ ಹೋದೆವು. ಅವಳು ಒಳಗೆ ಹೋದ ಮೇಲೆ, ಶಬ್ನಮ್‌ಳನ್ನು ಕಂಡು ಬರೋಣವೆಂದು ಮತ್ತೆ ಗೇಟಿಗೆ ಹೋದೆ. ಅದೇ ಸೆಕ್ಯೂರಿಟಿಯವನು.

“ಅಡ್ಮಿಷನ್ ಆಗೈತಾ? ಅಂಗಾರೆ ಬಿಡಂಗಿಲ್ಲ ಕಣಮ್ಮ. ಸೆಮಿಸ್ಟರ್‌ಗೊಂದ್ ದಿನ ಪೇರೆಂಟ್ಸ್ ಮೀಟಿಂಗ್ ಮಡುಗ್ತಾರೆ, ಅವತ್ತು ಬನ್ನಿ.”

“ಮೊದ್ಲು ಬಿಡ್ತಿದ್ರಲ್ಲ?”

“ಅದು ನೋಡಕ್ ಬಂದೋರಿಗೆ.”

ಶಬ್ನಮ್‌ಗೆ ಫೋನ್ ಮಾಡಿದೆ. ಅವಳು ರಾಮನಗರದಲ್ಲಿ ಮನೆಯಲ್ಲಿದ್ದಳು. ಅವಳನ್ನು ತೆಗೆದುಕೊಂಡಿದ್ದೇ ವರ್ಷ ವರ್ಷದ ಲೆಕ್ಕದಲ್ಲಿ, ಈ ಸಲ ಮುಂದುವರಿಸಿಲ್ಲವಂತೆ. ಬೇರೆ ಕಡೆ ಅರ್ಜಿ ಹಾಕಿದ್ದಾಳೆ. ಅಷ್ಟರವರೆಗೆ ನೂಲಿನ ಕೆಲಸಕ್ಕೆ ಕೂತಿದ್ದಾಳೆ. “ಬನ್ನಿ ಆಂಟಿ, ಕುದಿಯೋದನ್ನ ತೋರಿಸ್ತೀನಿ” ಎಂದಳು.

ಬಸ್ಸಿಗೆ ಕಾಯುವಾಗ ಅನಂತರಾಜು, “ಮಗ್ಳು ಸೇರುದ್ಲು, ನೀನ್ಯಾಕ್ ಇಂಗ್ ಕುಂತಿದ್ದೀಯೆ, ನಿನ್ನ ಯಾರೋ ಕಾಲೇಜ್ ಬುಡ್ಸಿದಂಗೆ?” ಎಂದರು.

ಆಗಸ್ಟ್ 10, ಭಾನುವಾರ

ರಮ್ಯಾ ಮನೆಗೆ ಬಂದಿದ್ದಳು. ಮೊದಲ ವರ್ಷ ಆ ಲ್ಯಾಬು ಇಲ್ಲವಂತೆ. ಗಣಿತದ ಮೇಡಂ ಬಹಳ ಚೆನ್ನಾಗಿ ಹೇಳುತ್ತಾರೆ ಎಂದಳು. ಸಾವಿರ ಚಿಟ್ಟೆಯಲ್ಲಿ ಎಷ್ಟನ್ನು ನೋಡಿದರೆ ಉಳಿದವುಗಳ ಬಗ್ಗೆ ಧೈರ್ಯವಾಗಿ ಹೇಳಬಹುದು, ಅದಕ್ಕೂ ಒಂದು ಲೆಕ್ಕವಿದೆಯಂತೆ. ನನ್ನ ಪೆನ್ನು ಕಿತ್ತುಕೊಂಡು ಈ ಪುಸ್ತಕದಲ್ಲೇ ಮಾಡಿ ತೋರಿಸಿದಳು. ಎರಡು ಸಲ ತಪ್ಪಿ ಮೂರನೆಯ ಸಲ ಸರಿಹೋಯಿತು. ಇಷ್ಟು ಮಾತು ಅವಳು ಆಡಿ ಎಷ್ಟೋ ದಿನವಾಗಿತ್ತು.

ಅವಳು ಸಂಜೆಯ ಬಸ್ಸಿಗೆ ಹೋದ ಮೇಲೆ ನನ್ನ ಫೋನಿಗೆ ಒಂದು ಕರೆ ಬಂತು. ಒಬ್ಬ ಹುಡುಗಿ. ಬೆಂಗಳೂರಿನ ಆಚೆ, ತುಮಕೂರು ರಸ್ತೆಯ ಕಡೆಯ ಬೇರೊಂದು ಯೂನಿವರ್ಸಿಟಿ. ಕೆಲವು ಸೀಟು ಉಳಿದಿವೆಯಂತೆ, ನಂಬರು ಎಲ್ಲಿ ಸಿಕ್ಕಿತೋ.

“ಮೇಡಂ, ನಿಮ್ಮ ಮಗಳ ಅಡ್ಮಿಷನ್ ಎಲ್ಲಾದ್ರೂ ಆಯ್ತಾ?”

“ಇನ್ನೂ ಯೋಚ್ನೆ ಮಾಡ್ತಾ ಇದ್ದೀವಿ” ಎಂದೆ.

“ಹಾಗಾದ್ರೆ ಮುಂದಿನ ಭಾನುವಾರ ಕ್ಯಾಂಪಸ್ ನೋಡೋಕೆ ಬನ್ನಿ ಮೇಡಂ. ನಮ್ಮದೇ ಬಸ್ ಬರುತ್ತೆ.”

“ಭಾನುವಾರ ಲ್ಯಾಬ್ ತೆಗೆದಿರ್ತದಾ?”

“ತೆಗೆಸ್ತೀವಿ ಮೇಡಂ. ಎಷ್ಟು ಜನ ಬರ್ತೀರಿ ಅಂತ ಬರ್ಕೊಳ್ಲಿ?”

ಒಬ್ಬರು ಎಂದೆ.